ಒಲೆಗೆ ಕಾಲಿಟ್ಟ ದೆವ್ವ

ಭಾನುವಾರ ದೋಸೆ ಹುಯ್ಯುತ್ತಿದ್ದಾಗ ಗ್ಯಾಸ್ ಮುಗಿಯಿತು. ಬುಕ್ ಮಾಡಿದ ಸಿಲಿಂಡರ್ ಇನ್ನೂ ಬಂದಿರಲಿಲ್ಲ. ಅಡಿ ಬೆಂದು ಮೇಲೆಲ್ಲ ಹಸಿಹಿಟ್ಟಾಗಿ ಉಳಿದ ದೋಸೆಯನ್ನು ನೋಡುತ್ತ ಅಮ್ಮ, "ಇನ್ನೇನಪ್ಪಾ, ಜಯಮಾಲಿನಿ ಥರ ಒಲೆಗೆ ಕಾಲೇ ಇಡಬೇಕು" ಅಂದಳು. ಮಗಳು ಪಿಳಿಪಿಳಿ ಕಣ್ಣು ಬಿಟ್ಟಳು. ನನಗೆ ಮಾತ್ರ ಆ ದಿನವಿಡೀ ಬೇರೆ ಯೋಚನೆಯೇ ಬರಲಿಲ್ಲ.

ಬಿ. ವಿಠಲಾಚಾರ್ಯರ 'ಜಗನ್ಮೋಹಿನಿ', 1978. ನಮ್ಮ ಕೋಲಾರದ ಕಡೆ ತೆಲುಗು ಚಿತ್ರವನ್ನು ಯಾರೂ ಪರಭಾಷೆಯದೆಂದು ನೋಡಿದವರಲ್ಲ. ಅಮ್ಮ ಅದನ್ನು ಟೆಂಟಿನಲ್ಲಿ, ನೆಲದ ಟಿಕೆಟ್ಟಿನಲ್ಲಿ, ಮರಳು ಗುಡ್ಡೆ ಮಾಡಿಕೊಂಡು ಕೂತು ನೋಡಿದ್ದಳು. ನನ್ನ ಪಾಲಿಗೆ ಬಂದದ್ದು ಬಾಡಿಗೆಯ ವಿಸಿಪಿಯಲ್ಲಿ, ಗೆರೆ ಬಿದ್ದ ಕ್ಯಾಸೆಟ್ಟಿನಲ್ಲಿ. ಜಯಮಾಲಿನಿ ಅದರಲ್ಲಿ ಮೋಹಿನಿ ದೆವ್ವ; ಹೆಣ್ಣಿನ ರೂಪದಲ್ಲಿ ಒಂದು ಸಂಸಾರದೊಳಗೆ ಸೇರಿಕೊಳ್ಳುತ್ತಾಳೆ. ಸೇರಿದ ಮೇಲೆ ಅಡುಗೆ ಮಾಡದೆ ವಿಧಿಯಿಲ್ಲವಲ್ಲ. ಸೌದೆಯ ಬದಲು ತನ್ನ ಕಾಲನ್ನೇ ಒಲೆಯೊಳಕ್ಕೆ ತೂರಿಸಿ ಕೂತುಬಿಡುತ್ತಾಳೆ. ಕಾಲು ಉರಿಯುತ್ತದೆ, ಅಡುಗೆ ಬೇಯುತ್ತದೆ. ನಮ್ಮ ದೇಶದ ಫ್ಯಾಂಟಸಿ ಚಿತ್ರಗಳಲ್ಲಿ ಇದನ್ನು ಮೀರಿಸಿದ ದೃಶ್ಯ ನನ್ನ ಕಣ್ಣಿಗೆ ಬಿದ್ದಿಲ್ಲ. ಭಯ, ನಗು ಎರಡೂ ಒಟ್ಟಿಗೇ ಬರುತ್ತವೆ, ಜೊತೆಗೆ ಸಂಸಾರಸ್ಥರಿಗೆ ಒಂದು ಸಣ್ಣ ಅಸೂಯೆ.

ಈ ಕಾಲು ಎಲ್ಲಿಂದ ಬಂತು? ನನ್ನ ವಾದ, ಅರಸೀಕೆರೆಯಿಂದ. ವಿಠಲಾಚಾರ್ಯರು ಉಡುಪಿ ಪಕ್ಕದ ಉದ್ಯಾವರದವರು. ಓದು ಮೂರನೇ ಕ್ಲಾಸಿಗೇ ಮುಗಿದಿತ್ತು. ಚಿಕ್ಕಂದಿನಲ್ಲೇ ಮನೆ ಬಿಟ್ಟು ಓಡಿ ಅರಸೀಕೆರೆ ಸೇರಿ, ಉಡುಪಿ ಹೋಟೆಲ್ ನಡೆಸಿದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೂ ಹೋಗಿಬಂದರು. ಆಮೇಲೆ ಹೋಟೆಲನ್ನು ತಮ್ಮನಿಗೆ ವಹಿಸಿ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಟೂರಿಂಗ್ ಟಾಕೀಸ್ ಹಾಕಿದರು. ಸೌದೆಗೆ ಎಷ್ಟಾಯಿತು ಎಂದು ದಿನಾ ಲೆಕ್ಕ ಬರೆದವನ ತಲೆಗಲ್ಲದೆ ಇನ್ನಾರ ತಲೆಗೆ ಹೊಳೆದೀತು, ಕಾಲನ್ನೇ ಉರುವಲು ಮಾಡುವ ಯೋಚನೆ? ಒಲೆಗೆ ಕಾಲಿಡುವ ದೆವ್ವ ಅಜ್ಜಿಕತೆಗಳಲ್ಲಿ ಮೊದಲೇ ಇತ್ತಲ್ಲ ಎನ್ನುವವರಿದ್ದಾರೆ. ಇರಲಿ. ಅಜ್ಜಿಕತೆ ಕೇಳಿ ಬೆಳೆದ ನಿರ್ದೇಶಕರು ಬೇಕಾದಷ್ಟು ಮಂದಿ ಇದ್ದರು, ಅವರೆಲ್ಲ ಹೋಟೆಲ್ ನಡೆಸಿರಲಿಲ್ಲ. ನನ್ನ ವಾದಕ್ಕೆ ಪುರಾವೆಯಿಲ್ಲ. ಬಿಡುವ ಮನಸ್ಸೂ ಇಲ್ಲ.

ಮುಂದಿನದು ಬಲ್ಲವರಿಗೆ ಗೊತ್ತಿದ್ದದ್ದೇ. ಡಿ. ಶಂಕರ್ ಸಿಂಗ್ ಜೊತೆ ಮಹಾತ್ಮ ಪಿಕ್ಚರ್ಸ್, ಮೈಸೂರು ವಾಸ. 1951ರಲ್ಲಿ ಹರಿಣಿಯವರ ಕನ್ನಡ 'ಜಗನ್ಮೋಹಿನಿ' ಬಂದದ್ದು ಆ ಸಂಸ್ಥೆಯಿಂದಲೇ, ನಿರ್ದೇಶನ ಸಿಂಗ್ ಅವರದು. ಆ ಹೆಸರನ್ನು ಆಚಾರ್ಯರು ಇಪ್ಪತ್ತೇಳು ವರ್ಷ ಜೋಪಾನವಾಗಿಟ್ಟುಕೊಂಡು ತೆಲುಗಿನಲ್ಲಿ ಮತ್ತೆ ಬಳಸಿದರು. ಹೋಟೆಲಿನವರು ಏನನ್ನೂ ಎಸೆಯುವುದಿಲ್ಲ. ಮದರಾಸಿಗೆ ಹೋದವರನ್ನು ತೆಲುಗರು 'ಜಾನಪದ ಬ್ರಹ್ಮ' ಎಂದು ಹೊತ್ತು ಮೆರೆಸಿದರು. ನಮಗೆ ಉಳಿದದ್ದು 1963ರ 'ವೀರಕೇಸರಿ', ರಾಜ್‌ಕುಮಾರ್ ನಟನೆ ಮತ್ತು ಘಂಟಸಾಲರ ಸಂಗೀತ. ಅದೇ ಕತೆ ತೆಲುಗಿನಲ್ಲಿ ಎನ್.ಟಿ.ಆರ್. ಅವರ 'ಬಂದಿಪೋಟು'. 'ವೀರಕೇಸರಿ'ಯ ಹಾಡು ಗುನುಗುವ ಎಷ್ಟೋ ಮಂದಿಗೆ ನಿರ್ದೇಶಕ ಯಾರೆಂದು ಕೇಳಿದರೆ ಗೊತ್ತಿರುವುದಿಲ್ಲ. ಗೊತ್ತಿದ್ದವರೂ "ಓ, ಆ ದೆವ್ವದ ಸಿನಿಮಾದವರಾ" ಎಂದು ಮುಗಿಸುತ್ತಾರೆ.

ಆ ಉಡಾಫೆಯೇ ನನಗೆ ಆಗದು. ಏಕೆಂದರೆ ಆಚಾರ್ಯರ ದೆವ್ವಕ್ಕೆ ಅಡುಗೆ ಕೆಲಸವಿತ್ತು; ಈಗಿನ ಕೋಟಿಗಟ್ಟಲೆಯ ಚಿತ್ರಗಳಲ್ಲಿ ರಾಕ್ಷಸರಿದ್ದಾರೆ, ಅವರಿಗೆ ಮನೆಗೆಲಸವಿಲ್ಲ. ಬಂದರು, ಗರ್ಜಿಸಿದರು, ಊರು ಕೆಡವಿದರು. ಊಟ ಎಲ್ಲಿ, ನಿದ್ದೆ ಯಾವಾಗ, ಬಟ್ಟೆ ಯಾರು ಒಗೆಯುತ್ತಾರೆ? 2015ರ ತಮಿಳು 'ಪುಲಿ'ಯಲ್ಲಿ ಶ್ರೀದೇವಿ ರಾಣಿ, ನಮ್ಮ ಸುದೀಪ್ ಸೇನಾಧಿಪತಿ; ಎಷ್ಟು ಆಸೆಯಿಂದ ಹೋಗಿದ್ದೆ! ಕಿರೀಟಗಳು ನೆನಪಿವೆ, ಮುಖಗಳು ಮರೆತುಹೋದವು. ಮರುವರ್ಷ 'ನಾಗರಹಾವು' ತೀರಿಹೋದ ವಿಷ್ಣುವರ್ಧನರನ್ನು ಗ್ರಾಫಿಕ್ಸಿನಲ್ಲಿ ಎದ್ದು ಬರುವಂತೆ ಮಾಡಿತು. ಎಲ್ಲರ ಜೊತೆ ನಾನೂ ಶಿಳ್ಳೆ ಹೊಡೆದೆ. ಆದರೆ ಅಷ್ಟು ಕಷ್ಟಪಟ್ಟು ಕರೆಸಿದ ಮನುಷ್ಯನಿಗೆ ಕೂತು ಒಂದು ಲೋಟ ಕಾಫಿ ಕುಡಿಯಲು ಬಿಡಬಾರದಿತ್ತೇ?

'ಆದಿಪುರುಷ್' ಬಗ್ಗೆ ಮಾತ್ರ ನನ್ನದು ಒಂಟಿ ಅಭಿಪ್ರಾಯ. ಟೀಸರ್ ನೋಡಿ ಜನ ಉಗಿದದ್ದಕ್ಕೆ ಗ್ರಾಫಿಕ್ಸ್ ತಿದ್ದಲು ಬಿಡುಗಡೆಯನ್ನೇ 2023ರ ಜೂನ್‌ಗೆ ತಳ್ಳಿದರು. ತಿದ್ದಿದ ಮೇಲೂ ಲಂಕೆ ಕಲ್ಲಿದ್ದಲ ಗೋದಾಮಿನಂತೆಯೇ ಇತ್ತು. ಅದರಲ್ಲಿ ಹೆಬ್ಬಾವುಗಳಿಂದ ಮೈ ಒತ್ತಿಸಿಕೊಳ್ಳುತ್ತ ಮಲಗಿದ ರಾವಣನನ್ನು ನೋಡಿ ದೇಶವೇ ನಕ್ಕಿತು. ಇಡೀ ಚಿತ್ರದಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಹತ್ತು ತಲೆ ಹೊತ್ತವನಿಗೆ ಕತ್ತು ನೋಯದೆ ಇರುತ್ತದೆಯೆ? ಆಚಾರ್ಯರಿದ್ದರೆ ಆ ಹಾವುಗಳಿಗೆ ಎಣ್ಣೆ ಬಟ್ಟಲನ್ನೂ ಕೊಟ್ಟಿರುತ್ತಿದ್ದರು.

ಅವರ ಬಗ್ಗೆ ಚಿತ್ರರಂಗದಲ್ಲಿ ಓಡಾಡುವ ಕತೆಯೊಂದಿದೆ, ನಿಜವೋ ಕಟ್ಟಿದ್ದೋ. ನಟ ಕಾಲ್‌ಶೀಟ್ ಕೊಡಲು ಸತಾಯಿಸಿದರೆ ಅಥವಾ ಹೆಚ್ಚು ದುಡ್ಡು ಕೇಳಿದರೆ ಆಚಾರ್ಯರು ವಾದಕ್ಕೇ ಇಳಿಯುತ್ತಿರಲಿಲ್ಲವಂತೆ. ಕತೆಯೊಳಗೆ ಒಬ್ಬ ಋಷಿಯನ್ನು ಕರೆಸಿ ಶಾಪ ಕೊಡಿಸುವುದು, ನಾಯಕ ಗಿಳಿಯೋ ಕತ್ತೆಯೋ ಆಗಿಬಿಡುವುದು, ಉಳಿದ ರೀಲುಗಳನ್ನು ಆ ಪ್ರಾಣಿಯ ಮೇಲೆಯೇ ತೆಗೆದು ಮುಗಿಸುವುದು. ಗಿಳಿಗೆ ಮೇಕಪ್ ಬೇಡ, ಕಾರು ಬೇಡ. ಇವತ್ತಿನ ಸ್ಟಾರನ್ನು ಹೀಗೆ ಪಂಜರಕ್ಕೆ ಹಾಕುವ ಎದೆಗಾರಿಕೆ ಯಾವ ನಿರ್ಮಾಪಕನಿಗಿದೆ? 2012ರಲ್ಲಿ ರಾಜಮೌಳಿ 'ಈಗ'ದಲ್ಲಿ ಹಾಕಿದರು. ನಾಯಕ ನಾನಿಯನ್ನು ಶುರುವಿನಲ್ಲೇ ಸಾಯಿಸಿ ನೊಣ ಮಾಡಿದರು. 'ಪುಲಿ'ಯಲ್ಲಿ ಕಿರೀಟದಡಿ ಕಳೆದುಹೋದ ಅದೇ ಸುದೀಪ್, ಇಲ್ಲಿ ಇಲ್ಲದ ನೊಣವೊಂದಕ್ಕೆ ಹೆದರಿ, ನಿದ್ದೆಗೆಟ್ಟು, ತನ್ನ ಮುಖಕ್ಕೆ ತಾನೇ ಬಡಿದುಕೊಂಡು ಚಿತ್ರವನ್ನೇ ಗೆದ್ದುಕೊಟ್ಟರು. ಆಚಾರ್ಯರು 1999ರಲ್ಲೇ ತೀರಿಕೊಂಡಿದ್ದರು. ಬದುಕಿದ್ದು ಅದನ್ನು ನೋಡಿದ್ದರೆ ಗ್ರಾಫಿಕ್ಸ್ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ, ನಾನಿಗೆ ಎಷ್ಟು ದಿನದ ಸಂಬಳ ಕೊಟ್ಟಿರಿ ಎಂದು ಕೇಳುತ್ತಿದ್ದರು.