ಸಿಕ್ಕಿಸಿದರೂ ಆಡದ ಮಾನಿಟರ್‌ಗಳು

"ಪ್ಲಗ್ ಅಂಡ್ ಪ್ಲೇ" ಅನ್ನೋದನ್ನ ಕನ್ನಡಕ್ಕೆ ತಂದರೆ "ಸಿಕ್ಕಿಸು, ಆಡು" ಅಂತ ಆಗುತ್ತೆ. 1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂದಾಗ ಈ ಮಾತು ಎಲ್ಲರ ಬಾಯಿಗೂ ಬಂತು. ಅದು ಎಷ್ಟು ಸಲ ಕೈಕೊಟ್ಟಿತು ಅಂದ್ರೆ, ಜನ ಅದನ್ನ "ಪ್ಲಗ್ ಅಂಡ್ ಪ್ರೇ" ಮಾಡಿಬಿಟ್ರು. ಸಿಕ್ಕಿಸು, ಆಮೇಲೆ ದೇವರನ್ನ ನೆನೆ... :-)

2008ರಿಂದ 2014ರವರೆಗೆ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ತಾಲೂಕುಗಳಲ್ಲಿ ನಾನು ಕಂಪ್ಯೂಟರ್ ರಿಪೇರಿಗೆ ಅಂತ ಓಡಾಡ್ತಿದ್ದೆ. ಕಂದಾಯದ ಲೆಕ್ಕದಲ್ಲಿ ನಾಲ್ಕೂ ತುಮಕೂರು ಜಿಲ್ಲೆ, ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಆ ವರ್ಷಗಳಲ್ಲಿ ಎಲ್ಲಾ ಕಡೆ ಒಂದೇ ಕಥೆ. ದಪ್ಪ ಹೊಟ್ಟೆಯ ಮಾನಿಟರ್ ಹೋಗಿ ತೆಳ್ಳಗಿನದು ಬರ್ತಿತ್ತು. ಆದರೆ ಕೆಳಗಿನ ಸಿಪಿಯು ಡಬ್ಬ ಮಾತ್ರ ಹಳೇದೇ, ಅದರೊಳಗೆ ಎಕ್ಸ್‌ಪಿ ಇಲ್ಲವೇ 98.

ಇದು ಬರೀ ಶೋಕಿ ಅಲ್ಲ. ಹದಿನೈದು ಇಂಚಿನ ಹಳೇ ಮಾನಿಟರ್ ಸುಮಾರು 70 ವ್ಯಾಟ್ ಕುಡಿಯುತ್ತೆ, ಹೊಸ ಎಲ್‌ಇಡಿ ಇಪ್ಪತ್ತರ ಒಳಗೆ. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲದ ಊರಲ್ಲಿ, ಯುಪಿಎಸ್ ಕೀ ಅಂತ ಕೂಗೋಕೆ ಶುರು ಮಾಡಿದ ಮೇಲೆ ಫೈಲ್ ಉಳಿಸೋಕೆ ಸಿಗೋ ನಿಮಿಷಗಳು ಈ ವ್ಯತ್ಯಾಸದಲ್ಲೇ ಇದ್ದವು.

ಹೊಸ ಮಾನಿಟರ್ ಸಿಕ್ಕಿಸಿ ಚಿತ್ರ ಸರಿಯಾಗಿ ಬರದಿದ್ರೆ ಎಲ್ಲರೂ ಹೇಳ್ತಿದ್ದ ಮಾತು ಒಂದೇ: "ಸಿಸ್ಟಮ್ ಹಳೇದಾಯ್ತು, ಎಸೀರಿ." ಈ ಮಾತು ಮುಕ್ಕಾಲು ಪಾಲು ತಪ್ಪು. ಯಾಕೆ ಅಂತ ಹೇಳೋಕೇ ಈ ಬರಹ.

ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳೋದು

ಪ್ಲಗ್ ಅಂಡ್ ಪ್ಲೇ ಮಾನಿಟರ್ ಒಳಗೆ ಒಂದು ಪುಟ್ಟ ಮೆಮೊರಿ ಚಿಪ್ ಇರುತ್ತೆ. ಅದರಲ್ಲಿ 128 ಬೈಟ್‌ಗಳ ಒಂದು ಪರಿಚಯಪತ್ರ, ಹೆಸರು ಇಡಿಐಡಿ. ನಾವು ಬ್ಲಾಗಿಗೆ ಕುಟ್ಟೋ ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಅಂದ್ರೆ 128 ಬೈಟ್‌ನಲ್ಲಿ 42 ಚಿಹ್ನೆ, ಲಗ್ನಪತ್ರಿಕೆಯ ಒಂದು ಸಾಲೂ ಮುಗಿಯಲ್ಲ! ಅಷ್ಟರಲ್ಲೇ ಮಾನಿಟರ್ ತನ್ನ ಕಂಪನಿ, ಮಾಡೆಲ್, ತಯಾರಾದ ವರ್ಷ, ಎಷ್ಟು ರೆಸಲ್ಯೂಶನ್, ಎಷ್ಟು ಹರ್ಟ್ಝ್ ತಡೆಯಬಲ್ಲೆ ಅನ್ನೋದನ್ನೆಲ್ಲ ಹೇಳಿಬಿಡುತ್ತೆ. ಕಂಪನಿಗೆ ಮೂರೇ ಇಂಗ್ಲಿಷ್ ಅಕ್ಷರ. ಎಲ್‌ಜಿ ಮಾನಿಟರ್ ತನ್ನನ್ನ ಜಿಎಸ್‌ಎಂ ಅಂತ ಹೇಳಿಕೊಳ್ಳುತ್ತೆ, ಕಂಪನಿ ಗೋಲ್ಡ್‌ಸ್ಟಾರ್ ಆಗಿದ್ದ ಕಾಲದ ಗುರುತು ಅದು. ತವರುಮನೆ ಹೆಸರು ಬಿಟ್ಟಿಲ್ಲ!

ಇನ್ನೊಂದು ವಿಷಯ. ಮಾನಿಟರ್ ಜೊತೆ ಕೊಡ್ತಿದ್ದ "ಡ್ರೈವರ್ ಸೀಡಿ"ಯಲ್ಲಿ ಓಡೋವಂಥ ಪ್ರೋಗ್ರಾಂ ಏನೂ ಇರಲ್ಲ. ಇರೋದು ಒಂದು ಪಠ್ಯದ ಫೈಲು, ಬಣ್ಣದ ವಿವರದ ಇನ್ನೊಂದು ಫೈಲು. ಈ ಮಾನಿಟರ್ ಇಷ್ಟು ತಡೆಯುತ್ತೆ ಅಂತ ವಿಂಡೋಸ್‌ಗೆ ಹೇಳೋ ಚೀಟಿ ಅಷ್ಟೆ. ಚಿತ್ರ ಬರೆಯೋದು ಗ್ರಾಫಿಕ್ಸ್ ಕಾರ್ಡಿನ ಡ್ರೈವರ್. ಆದ್ದರಿಂದ ಮಾನಿಟರ್ ಸೀಡಿ ಕಳೆದುಹೋಯ್ತು ಅಂತ ಯಾರೂ ಅಳಬೇಕಿಲ್ಲ.

ತೊಂದರೆ ಬರೋದು ಈ ಪರಿಚಯದ ಮಾತು ದಾರಿಯಲ್ಲಿ ಎಲ್ಲೋ ಕಡಿದುಹೋದಾಗ. ಎಲ್ಲಿ ಕಡಿಯಿತು ಅಂತ ಹುಡುಕೋದೇ ಕೆಲಸ. ನಾಲ್ಕು ತಾಲೂಕಲ್ಲಿ ನನಗೆ ನಾಲ್ಕು ಥರ ಸಿಕ್ಕಿತು.

ಕೊರಟಗೆರೆ: ಲೋಗೋ ಬರುತ್ತೆ, ಆಮೇಲೆ ಕತ್ತಲೆ

ಒಂದು ಸೈಬರ್ ಸೆಂಟರ್. ಎಕ್ಸ್‌ಪಿ ಲೋಗೋ ಚೆನ್ನಾಗಿ ಬರುತ್ತೆ, ಆಮೇಲೆ ಪರದೆ ಮೇಲೆ "ಔಟ್ ಆಫ್ ರೇಂಜ್". ಮಾನಿಟರ್ ಕೆಟ್ಟಿದ್ರೆ ಲೋಗೋನೂ ಬರಬಾರದಲ್ಲ? ದಪ್ಪ ಮಾನಿಟರ್ 60 ಹರ್ಟ್ಝ್‌ನಲ್ಲಿ ಕಣ್ಣು ಕುಕ್ಕುತ್ತೆ ಅಂತ ಯಾರೋ ಹಿಂದೆ 85ಕ್ಕೆ ಏರಿಸಿದ್ರು. ಹೊಸ ಎಲ್‌ಸಿಡಿ ಸಾಮಾನ್ಯವಾಗಿ 75ರ ಆಚೆ ತಡೆಯಲ್ಲ. ಶುರುವಿನಲ್ಲಿ ಎಫ್8 ಒತ್ತಿ "ಎನೇಬಲ್ ವಿಜಿಎ ಮೋಡ್" ಆರಿಸಿ ಒಳಗೆ ಹೋಗಿ, 60ಕ್ಕೆ ಇಳಿಸಿದೆ. ಮುಗೀತು. ಎಲ್‌ಸಿಡಿಗೆ 60 ಸಾಕು, ಅದು ಕುಕ್ಕಲ್ಲ.

ಮಧುಗಿರಿ: ಎರಡು ತಂತಿ

ಇಲ್ಲಿ ಎಕ್ಸ್‌ಪಿ ಚಿತ್ರ ತೋರಿಸ್ತಿತ್ತು, ಆದರೆ ಮಾನಿಟರ್ ಹೆಸರಿನ ಜಾಗದಲ್ಲಿ "ಡಿಫಾಲ್ಟ್ ಮಾನಿಟರ್" ಅಂತಿತ್ತು. ಈ ಹೆಸರುಗಳನ್ನ ಸರಿಯಾಗಿ ಓದಬೇಕು. "ಪ್ಲಗ್ ಅಂಡ್ ಪ್ಲೇ ಮಾನಿಟರ್" ಅಂತ ಇದ್ರೆ ಪರಿಚಯ ಕೇಳಿಸಿದೆ, ಕಂಪನಿಯ ಚೀಟಿ ಮಾತ್ರ ಇಲ್ಲ, ಚಿಂತೆ ಬೇಡ. "ಡಿಫಾಲ್ಟ್" ಅಂತ ಇದ್ರೆ ಏನೂ ಕೇಳಿಸಿಲ್ಲ ಅಂತ ಅರ್ಥ.

ವಿಜಿಎ ತಂತಿಗೆ ಮೂರು ಸಾಲಲ್ಲಿ 15 ಪಿನ್. ಚಿತ್ರದ ಕೆಂಪು, ಹಸಿರು, ನೀಲಿ ಮೊದಲ ಸಾಲಲ್ಲಿ ಹೋಗ್ತವೆ. ಪರಿಚಯದ ಮಾತು ಹೋಗೋದು ಮೂರನೇ ಸಾಲಿನ 12 ಮತ್ತು 15ನೇ ಪಿನ್‌ಗಳಲ್ಲಿ. ಅಗ್ಗದ ಎಕ್ಸ್‌ಟೆನ್ಷನ್ ತಂತಿಗಳಲ್ಲಿ ಈ ಎರಡನ್ನ ಜೋಡಿಸಿರೋದೇ ಇಲ್ಲ. ಚಿತ್ರ ಬರುತ್ತೆ, ಮಾತು ಬರಲ್ಲ. ಒಂದು ಡಬ್ಬದಿಂದ ಎರಡು ಮಾನಿಟರ್‌ಗೆ ಕೊಡೋ ಕವಲು ತಂತಿಯಲ್ಲೂ ಹೀಗೇ, ಪರಿಚಯ ಒಂದು ಕವಲಿನಿಂದ ಮಾತ್ರ. ಬೇರೆ ತಂತಿ ಹಾಕಿದ ಕೂಡಲೇ ಹೆಸರು ಬಂತು. ಅಂದಹಾಗೆ ನಡುಸಾಲಿನ 9ನೇ ಪಿನ್ ಇಲ್ಲದಿದ್ರೆ ಹೆದರಬೇಡಿ, ಎಷ್ಟೋ ತಂತಿಗಳಲ್ಲಿ ಅದನ್ನ ಬೇಕಂತಲೇ ಬಿಟ್ಟಿರ್ತಾರೆ.

ಪಾವಗಡ: ಎಂಟರ ಮಗ್ಗಿ

ತೆಲುಗು ಮನೆಮಾತಿನ ಮಕ್ಕಳು ಹೆಚ್ಚಿರೋ ಒಂದು ಸರ್ಕಾರಿ ಪ್ರೌಢಶಾಲೆ. ದಾನಿಯೊಬ್ಬರು ಕೊಟ್ಟ ಹದಿನೆಂಟೂವರೆ ಇಂಚಿನ ಅಗಲ ಮಾನಿಟರ್. ಅದಕ್ಕೆ ಒಗ್ಗೋದು 1366×768, ಆದರೆ ಹಳೇ ಬೋರ್ಡಿನ ಪಟ್ಟಿಯಲ್ಲಿ ಆ ಅಳತೆಯೇ ಇಲ್ಲ. ಮೇಷ್ಟ್ರಿಗೆ ಆಶ್ಚರ್ಯ. ಕಾರಣ ಮಗ್ಗಿಯಲ್ಲಿದೆ: ಹಳೇ ಗ್ರಾಫಿಕ್ಸ್ ಚಿಪ್‌ಗಳು ಅಗಲವನ್ನ ಎಂಟೆಂಟು ಚುಕ್ಕಿಯ ಗುಂಪಲ್ಲಿ ಎಣಿಸ್ತವೆ. 1366 ಎಂಟರಿಂದ ಭಾಗ ಆಗಲ್ಲ. 1360 ಆಗುತ್ತೆ, ಎಂಟು ನೂರಾ ಎಪ್ಪತ್ಲೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದ ಮೇಲೆ 1360×768 ಪಟ್ಟಿಗೆ ಬಂತು. ಎರಡೂ ಅಂಚಲ್ಲಿ ಮೂರು ಮೂರು ಚುಕ್ಕಿ ಕಪ್ಪು, ಯಾರ ಕಣ್ಣಿಗೂ ಬೀಳಲ್ಲ.

ಇಷ್ಟಕ್ಕೆ ಯಾಕೆ ಒದ್ದಾಡಬೇಕು ಅಂದ್ರೆ, ತಪ್ಪು ಅಳತೆಯಲ್ಲಿ ಕನ್ನಡದ ಒತ್ತಕ್ಷರ ಕದಡಿಹೋಗುತ್ತೆ. ಇಂಗ್ಲಿಷ್ ಅಕ್ಷರ ಮಸುಕಾದ್ರೂ ಓದಬಹುದು. ನಮ್ಮ "ಸ್ತ್ರೀ" ಮಸುಕಾದ್ರೆ? ಕನ್ನಡ ಮನೆಮಾತಲ್ಲದ ಹುಡುಗಿ ಪರದೆ ನೋಡಿ ಅಕ್ಷರ ಕಲೀಬೇಕು ಅಂದ್ರೆ ಆ ಒತ್ತು ಅವಳಿಗೆ ಕಾಣಲೇಬೇಕು.

ಶಿರಾ: 98 ಮತ್ತು ಬೀಗ

ಕೊನೆಯದು ಶಿರಾದ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ತಿಥಿ ಕಾರ್ಡು. 2010ರಲ್ಲೂ ವಿಂಡೋಸ್ 98, ಅದೂ ಮೈಕ್ರೋಸಾಫ್ಟ್ 2006ರ ಜುಲೈನಲ್ಲೇ ಕೈಬಿಟ್ಟಿದ್ದು. ಹೊಸ ಮಾನಿಟರ್ ಸಿಕ್ಕಿಸಿದ್ರೆ 640×480, ಹದಿನಾರೇ ಬಣ್ಣ. "ಎಲ್ರೂ ಎಸೀರಿ ಅಂತಾರೆ ಸಾರ್, ಎಸೆದ್ರೆ ನಾನೇನ್ ಮಾಡ್ಲಿ?" ಅಂದ್ರು ಅಂಗಡಿಯವರು. ಡಬ್ಬದ ಹಿಂದೆ ತೋರಿಸಿದ್ರು. ಪ್ರಿಂಟರ್ ಪೋರ್ಟಿನಲ್ಲಿ ಬೆರಳುದ್ದದ ಒಂದು ಬೀಗ, ಡಾಂಗಲ್. ಅವರ ಕನ್ನಡ ಅಕ್ಷರ ತಂತ್ರಾಂಶ ಆ ಬೀಗ ಇದ್ರೆ ಮಾತ್ರ ತೆರೆಯುತ್ತೆ, ಅವರ ಹತ್ತಿರ ಇದ್ದ ಆವೃತ್ತಿ 98ರಲ್ಲಿ ಮಾತ್ರ ಓಡುತ್ತೆ. ಹತ್ತು ವರ್ಷದ ಫೈಲುಗಳು ಯೂನಿಕೋಡ್ ಅಲ್ಲದ ಲಿಪಿಯಲ್ಲಿವೆ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದ್ರೆ "ವಧು ವರರು" ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ಮಾನಿಟರ್ ಸೀಡಿಯ ಚೀಟಿಯಲ್ಲಿ 98ರ ಹೆಸರೇ ಇರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಡಿವೈಸ್ ಮ್ಯಾನೇಜರ್ ತೆರೆದೆ. ಮಾನಿಟರ್ ಪಟ್ಟಿಯಲ್ಲಿ ನಾಲ್ಕು ಹೆಸರು, ಆ ಅಂಗಡಿಯಲ್ಲಿ ಬದುಕಿ ಸತ್ತ ಮಾನಿಟರ್‌ಗಳೆಲ್ಲ ಇದ್ವು! ಡಿಸ್‌ಪ್ಲೇ ಅಡಾಪ್ಟರ್‌ನದೂ ಎರಡು ನಮೂದು. ಎಲ್ಲಾ ತೆಗೆದು ಮತ್ತೆ ಶುರು ಮಾಡಿದಾಗ ಅದು ಎಲ್ಲವನ್ನ ಹೊಸದಾಗಿ ಹುಡುಕಿ, ವಿಂಡೋಸ್ ಸೀಡಿ ಕೇಳಿತು. ಗ್ರಾಫಿಕ್ಸ್ ಡ್ರೈವರ್ ಮತ್ತೆ ಕೂರಿಸಿದ ಮೇಲೆ ಬಣ್ಣ ಬಂತು. ಮಾನಿಟರ್‌ನ ಪರಿಚಯ ಮಾತ್ರ ಒಮ್ಮೆ ಕೇಳಿಸ್ತಿತ್ತು, ಒಮ್ಮೆ ಇಲ್ಲ. 98ರಲ್ಲಿ ಮಾನಿಟರ್ ಪುಟದಲ್ಲೇ "ಪ್ಲಗ್ ಅಂಡ್ ಪ್ಲೇ ಮಾನಿಟರ್‌ಗಳನ್ನ ತಾನಾಗಿ ಹುಡುಕು" ಅನ್ನೋ ಗುರುತು ಇರುತ್ತೆ. ಅದನ್ನ ತೆಗೆದು, ಸ್ಟಾಂಡರ್ಡ್ ಪಟ್ಟಿಯಿಂದ ಸೂಪರ್ ವಿಜಿಎ 1024×768 ನಾನೇ ಆರಿಸಿದೆ.

ಚಿತ್ರ ಬಂತು, ಆದರೆ ಅಂಗಡಿಯವರ ಮುಖ ಅರಳಲಿಲ್ಲ. "ಅಕ್ಷರ ದಪ್ಪಗಾಗವೆ ಸಾರ್." ಕಣ್ಣು ಅಂದ್ರೆ ಅದು! 1024 ಚುಕ್ಕಿಯನ್ನ 1366ಕ್ಕೆ ಎಳೆದಾಗ ಎಲ್ಲವೂ ಮೂರನೇ ಒಂದು ಪಾಲು ಅಗಲ ಆಗುತ್ತೆ. ಕನ್ನಡ ಅಕ್ಷರ ದುಂಡಗೆ ಇರೋದ್ರಿಂದ ಅದು ಬೇಗ ಕಣ್ಣಿಗೆ ಬೀಳುತ್ತೆ, "ರ" ಮೊಟ್ಟೆ ಆಗಿಬಿಡುತ್ತೆ. ಮಾನಿಟರ್‌ನದೇ ಮೆನುವಲ್ಲಿ ಆಕಾರವನ್ನ 4:3ಕ್ಕೆ ಇಟ್ಟೆ. ಎಡಬಲಕ್ಕೆ 171 ಚುಕ್ಕಿಯ ಕಪ್ಪು ಪಟ್ಟಿ, ನಡುವೆ ಚುಕ್ಕಿಗೆ ಚುಕ್ಕಿ ಕೂತ ಚೊಕ್ಕ ಅಕ್ಷರ. ಕಾಸು ಕೊಟ್ಟು ತಂದ ಪರದೆಯ ಕಾಲುಭಾಗ ಖಾಲಿ. ಆದರೆ ಅವರು "ರ" ಮೇಲೆ ಬೆರಳಾಡಿಸಿ "ಈಗ ಸರಿ ಆಯ್ತು" ಅಂದ್ರು.

ಹಾಗಾದ್ರೆ ಹಳೇದನ್ನೇ ಇಟ್ಕೊಳ್ಳಬೇಕಾ?

ಇಲ್ಲ. ಎಕ್ಸ್‌ಪಿಗೂ 2014ರ ಏಪ್ರಿಲ್ 8ಕ್ಕೆ ರಕ್ಷಣೆ ನಿಂತಿತು. ಇವನ್ನ ಇಂಟರ್ನೆಟ್ಟಿಗೆ ಜೋಡಿಸೋದು ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ. ಈಗ ಎಷ್ಟೋ ಮಾನಿಟರ್‌ಗಳಲ್ಲಿ ವಿಜಿಎ ಕಿಂಡಿಯೇ ಇಲ್ಲ, ಹಳೇ ಡಬ್ಬದಿಂದ ಎಚ್‌ಡಿಎಂಐಗೆ ಹೋಗೋಕೆ ಬರೀ ತಂತಿ ಸಾಲಲ್ಲ, ಸಿಗ್ನಲ್ ಬದಲಿಸೋ ಪರಿವರ್ತಕ ಬೇಕು.

ಆದರೆ ಎಸೆಯೋದಕ್ಕೂ ಒಂದು ಕ್ರಮ ಇದೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಹತ್ತು ವರ್ಷದ ಕನ್ನಡ ಇದೆ ಅಂತಾದ್ರೆ, ಮೊದಲು ಪರದೆ ಬೆಳಗಲಿ, ಫೈಲು ತೆರೆಯಲಿ, ಯೂನಿಕೋಡ್‌ಗೆ ಬದಲಾಗಲಿ. ಆಮೇಲೆ ಗುಜರಿ. ಮಾನಿಟರ್ ರಿಪೇರಿಯಿಂದ ಸಿಕ್ಕಿದ್ದು ಆ ಅವಧಿ, ಅಷ್ಟೆ. ಆ ಅಷ್ಟೇ ಎಷ್ಟು ದೊಡ್ಡದು ಅಂತ ಶಿರಾದಲ್ಲಿ ಗೊತ್ತಾಯ್ತು.

ನಿಮ್ಮೂರ ಅಂಗಡಿ, ಶಾಲೆ, ಸಂಘದ ಆಫೀಸಿನಲ್ಲೂ ಇಂಥದ್ದೊಂದು ಪೆಟ್ಟಿಗೆ ಮೂಲೆಯಲ್ಲಿ ಧೂಳು ತಿಂತಾ ಕೂತಿರಬಹುದು. ಒಮ್ಮೆ ಹಚ್ಚಿ ನೋಡಿ. ಏನು ಸಿಕ್ಕಿತು ಅಂತ ಕೆಳಗೆ ಎರಡು ಸಾಲು ಬರೀರಿ. ತಂತಿಯ 12 ಮತ್ತು 15ನೇ ಪಿನ್ ಮರೀಬೇಡಿ!