ಯುಗಿ ಸೋತ ಆಟ

ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು: 'ಹೋಗಿ ಚಂದ್ರನಿಗೆ ಹೊಡಿ.' ಲ್ಯಾಬಿನಲ್ಲಿ ಪ್ರೋಗ್ರಾಂ ಓಡದಿದ್ದರೂ ಅದೇ, ಮೆಸ್ಸಿನಲ್ಲಿ ಚಪಾತಿ ಖಾಲಿಯಾದರೂ ಅದೇ. ಅದು ಹುಟ್ಟಿದ್ದು 'ಯು-ಗಿ-ಓ!' ಅನ್ನೋ ಜಪಾನಿ ಕಾರ್ಟೂನಿನಿಂದ. ಯಾರದ್ದೋ ಹಾರ್ಡ್ ಡಿಸ್ಕಿನಲ್ಲಿ ಮೊದಲ ಸೀಸನ್ನಿನ 49 ಕಂತುಗಳೂ ಇಂಗ್ಲಿಷ್ ಡಬ್ಬಿಂಗಿನಲ್ಲಿದ್ದವು. ಏಳನೇ ಸೆಮಿಸ್ಟರಿನಲ್ಲಿ ನಾನು ಮತ್ತು ನನ್ನ ರೂಂಮೇಟ್ ದಿನಾ ರಾತ್ರಿ ಮೂರು ನಾಲ್ಕು ಕಂತು ನೋಡುತ್ತಿದ್ದೆವು.

ನೋಡದವರಿಗಾಗಿ ಕತೆ ಇಷ್ಟು. ಯುಗಿ ಅನ್ನೋ ಕುಳ್ಳ ಹುಡುಗನ ತಾತ ಒಂದು ಆಟದ ಅಂಗಡಿ ಇಟ್ಟುಕೊಂಡಿದ್ದಾನೆ. ಯುಗಿಯ ಕೊರಳಲ್ಲಿ ತೂಗುವ ಈಜಿಪ್ಟಿನ ಒಡವೆಯೊಳಗೆ ಹಳೇ ಕಾಲದ ಆತ್ಮವೊಂದಿದೆ. ಆಡುವಾಗ ಅದು ಮೈಮೇಲೆ ಬರುತ್ತದೆ. ನಮ್ಮೂರಲ್ಲಿ ದೇವರು ಮೈಮೇಲೆ ಬರೋದನ್ನು ನೋಡಿ ಬೆಳೆದ ನನಗೆ ಅದೇನೂ ವಿಚಿತ್ರ ಅನ್ನಿಸಲಿಲ್ಲ. ಪೆಗಾಸಸ್ ಅನ್ನುವವನು ತಾತನ ಪ್ರಾಣವನ್ನೇ ಸೆರೆ ಹಿಡಿಯುತ್ತಾನೆ. ಬಿಡಿಸಿಕೊಳ್ಳಬೇಕಾದರೆ ಅವನ ದ್ವೀಪಕ್ಕೆ ಹೋಗಿ, ಕಾರ್ಡಿನ ಪಂದ್ಯದಲ್ಲಿ ಅವನನ್ನೇ ಸೋಲಿಸಬೇಕು.

ಅಲ್ಲಿನ ಆಟಕ್ಕೆ ನಿಯಮ ಅನ್ನೋದು ಹೆಸರಿಗೆ ಮಾತ್ರ. ಅಂಗಡಿಯಲ್ಲಿ ಸಿಗುವ ಕೊನಾಮಿ ಕಂಪನಿಯ ಕಾರ್ಡಿನಾಟ 8000 ಅಂಕದಿಂದ ಶುರುವಾಗುತ್ತದೆ, ದೊಡ್ಡ ರಾಕ್ಷಸನನ್ನು ಇಳಿಸಬೇಕಾದರೆ ಸಣ್ಣವರನ್ನು ಬಲಿ ಕೊಡಬೇಕು. ಈ ಸೀಸನ್ನಿನ ದ್ವೀಪದಲ್ಲಿ ಬರೀ 2000 ಅಂಕ, ಬಲಿಯ ಗೊಡವೆಯೇ ಇಲ್ಲ. ಒಬ್ಬ ಎದುರಾಳಿಯ ಮೀನುಗಳೆಲ್ಲ ಸಮುದ್ರದಲ್ಲಿ ಅಡಗಿ ಕೂತಾಗ, ಯುಗಿ ತಾನೇ ಮೊದಲು ಇಳಿಸಿದ್ದ ಹುಣ್ಣಿಮೆ ಕಾರ್ಡಿನ ಮೇಲೆ ಕಲ್ಲಿನ ಸೈನಿಕನನ್ನು ಬಿಡುತ್ತಾನೆ. ಚಂದ್ರ ಒಡೆದು ಸಮುದ್ರ ಇಳಿದುಹೋಗುತ್ತದೆ, ಮೀನುಗಳು ದಡದಲ್ಲಿ ಒದ್ದಾಡುತ್ತವೆ. ಆ ರಾತ್ರಿ ಇಡೀ ಕಾರಿಡಾರಿನವರು ನಮ್ಮ ರೂಮಿನಲ್ಲಿ ಸೇರಿ ಬಿದ್ದು ಬಿದ್ದು ನಕ್ಕಿದ್ದರು.

ಆದರೆ ನನ್ನ ರೂಂಮೇಟ್‌ಗೆ ಹಿಡಿಸಿದ್ದು ಜೋಯಿ, ಯುಗಿಯ ಗೆಳೆಯ. ತಂಗಿಗೆ ಕಣ್ಣು ಹೋಗುತ್ತಿದೆ, ಆಪರೇಷನ್ನಿಗೆ ದುಡ್ಡಿಲ್ಲ, ಪಂದ್ಯಕ್ಕೆ ಆಹ್ವಾನವೂ ಇಲ್ಲ. ಯುಗಿ ತನಗೆ ಬಂದ ಎರಡು ನಕ್ಷತ್ರದ ಬಿಲ್ಲೆಗಳಲ್ಲಿ ಒಂದನ್ನು ಅವನಿಗೆ ಕೊಟ್ಟುಬಿಡುತ್ತಾನೆ. ಇಬ್ಬರೂ ಅರ್ಧರ್ಧ ಬಂಡವಾಳದಲ್ಲಿ ಹಡಗು ಹತ್ತುತ್ತಾರೆ. ಮೂರನೇ ಸೆಮಿಸ್ಟರಿನಲ್ಲಿ ಪರೀಕ್ಷೆ ಫೀಸಿಗೆ ನನ್ನ ಹತ್ತಿರ ದುಡ್ಡಿಲ್ಲದಾಗ, ಊರಿಂದ ಬಂದ ದುಡ್ಡಿನಲ್ಲಿ ಅರ್ಧ ಎಣಿಸಿ ನನ್ನ ಮಂಚದ ಮೇಲೆ ಇಟ್ಟು ಹೋದವನು ಇವನೇ. ಆ ದೃಶ್ಯ ಬಂದಾಗ ನಾವಿಬ್ಬರೂ ಅದರ ಮಾತೆತ್ತಲಿಲ್ಲ.

ಸೀಸನ್ನಿನ ನಿಜವಾದ ಆಟ ಕೋಟೆಯ ಮೇಲೆ ನಡೆಯುತ್ತದೆ. ಶ್ರೀಮಂತ ಹುಡುಗ ಕೈಬಾನ ತಮ್ಮನನ್ನೂ ಪೆಗಾಸಸ್ ಹಿಡಿದಿಟ್ಟಿದ್ದಾನೆ. ಅವನನ್ನು ಬಿಡಿಸಬೇಕಾದರೆ ಕೈಬಾ ಮೊದಲು ಯುಗಿಯನ್ನು ಸೋಲಿಸಬೇಕು. ಇನ್ನೇನು ಸೋಲುವ ಹೊತ್ತಿಗೆ ಕೈಬಾ ಹಿಂದೆ ಸರಿದು ಗೋಡೆಯ ಅಂಚಿನಲ್ಲಿ ನಿಲ್ಲುತ್ತಾನೆ. ಹೊಡೆದರೆ ನಾನು ಕೆಳಗೆ ಬೀಳ್ತೀನಿ, ನಿನ್ನಿಷ್ಟ ಅನ್ನುತ್ತಾನೆ. ಯುಗಿಯ ಮೈಮೇಲಿದ್ದ ಆತ್ಮ ಹೊಡಿ ಎಂದೇ ಆಜ್ಞೆ ಕೊಡುತ್ತದೆ. ಯುಗಿ ಒಳಗಿನಿಂದ ಅದನ್ನು ತಡೆದು, ಮೊಣಕಾಲೂರಿ ಅಳುತ್ತಾನೆ. ಆಟ ಸೋಲುತ್ತಾನೆ.

'ಪೆದ್ದ ನನ್ಮಗ' ಅಂದೆ ನಾನು. 'ಅಲ್ಲಿ ತಾತನ ಪ್ರಾಣ ಹೋಗ್ತಿದೆ. ಕೈಬಾ ಮಾಡ್ತಿರೋದು ಬ್ಲ್ಯಾಕ್‌ಮೇಲು.'

ರೂಂಮೇಟ್ ಹಾವೇರಿ ಕಡೆಯವನು. 'ಅಂವ ಬಿದ್ದು ಸತ್ತ್ರ, ಗೆದ್ದೆ ಅಂತ ಯಾರ ಮುಂದ ಹೇಳ್ಕೊಳ್ಳೂದು ಲೇ?' ಅಂದ.

ಅದಾದ ವಾರಕ್ಕೆ ಕ್ಯಾಂಪಸ್ ಸೆಲೆಕ್ಷನ್. ಗ್ರೂಪ್ ಡಿಸ್ಕಷನ್ನಿನಲ್ಲಿ ಇಬ್ಬರೂ ಒಂದೇ ಗುಂಪಿಗೆ ಬಿದ್ದೆವು. ವಿಷಯ, ಹಳ್ಳಿಗೆ ಕಂಪ್ಯೂಟರಿನಿಂದ ಏನುಪಯೋಗ. ಅವನ ಹತ್ತಿರ ಒಂದು ಚೆಂದದ ಕತೆಯಿತ್ತು, ಹಾಸ್ಟೆಲಿನಲ್ಲಿ ನನಗೇ ಹೇಳಿದ್ದ. ಅವರಪ್ಪ ಒಂದು ಉತಾರಕ್ಕಾಗಿ ತಿಂಗಳುಗಟ್ಟಲೆ ಅಲೆದದ್ದು, 'ಭೂಮಿ' ಯೋಜನೆ ಬಂದಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೈಗೆ ಸಿಕ್ಕ ಕಾಗದವನ್ನು ನಂಬದೆ ಎರಡೆರಡು ಸಲ ಓದಿಸಿಕೊಂಡದ್ದು. ಅವನು 'ಮೈ ಫಾದರ್' ಎಂದು ಶುರು ಮಾಡಿದ. ಇಂಗ್ಲಿಷ್ ಅಲ್ಲಿಗೇ ನಿಂತಿತು. ನನ್ನ ಕಡೆ ನೋಡಿದ. ಒಂದು ಪದ ಎತ್ತಿಕೊಟ್ಟಿದ್ದರೆ ಸಾಕಿತ್ತು. ನಾನು ಇಡೀ ಕತೆಯನ್ನೇ ಹೇಳಿದೆ, ನಮ್ಮಪ್ಪನ ಕತೆ ಅಂತ. ಅವನು 'ಉತಾರ' ಅಂದಿದ್ದನ್ನು 'ಲ್ಯಾಂಡ್ ರೆಕಾರ್ಡ್ಸ್' ಅಂದೆ. ಅದರಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ.

ನಾನು ಸೆಲೆಕ್ಟ್ ಆದೆ, ಅವನು ಆಗಲಿಲ್ಲ. ರಾತ್ರಿ ಅವನೇ ಟೀ ಕೊಡಿಸಿದ. ಉಳಿದ ಕಂತುಗಳನ್ನು ಜೊತೆಗೇ ನೋಡಿದೆವು. ಕೊನೆಯಲ್ಲಿ ಜೋಯಿಗೆ ಬಹುಮಾನದ ಹಣ ಸಿಗುತ್ತದೆ, ತಂಗಿಯ ಆಪರೇಷನ್ನಿಗೆ ದುಡ್ಡಾಗುತ್ತದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆ ಬಂದಿದೆ ಅಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳೋದು ನನಗೆ ಅನುಕೂಲವಾಗಿತ್ತು.

ಈ ಕತೆಯನ್ನು 1996ರಲ್ಲಿ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಚಿತ್ರಕತೆಯಾಗಿ ಶುರು ಮಾಡಿದವರು ಕಜುಕಿ ತಕಹಾಶಿ. ಮೊದಲು ಅದರಲ್ಲಿ ನಾನಾ ಥರದ ಆಟಗಳಿದ್ದವು, ಕಾರ್ಡು ಅವುಗಳಲ್ಲೊಂದು. ಓದುಗರು ಅದನ್ನೇ ಹಿಡಿದುಕೊಂಡರು, ಕೊನೆಗೆ ಅದೇ ಉಳಿಯಿತು. 2022ರ ಜುಲೈನಲ್ಲಿ ಓಕಿನಾವಾದ ನಾಗೊ ಕರಾವಳಿಯಲ್ಲಿ ತಕಹಾಶಿಯವರ ಶವ ಸಿಕ್ಕ ಸುದ್ದಿ ಬಂತು. ವಯಸ್ಸು 60. ಈಜಲು ಹೋಗಿ ಆಗಿರಬೇಕು ಅಂದುಕೊಂಡು ಸುಮ್ಮನಾದೆ. ಅಕ್ಟೋಬರಿನಲ್ಲಿ ಅಮೆರಿಕದ ಸೇನೆಯವರು ಓದುವ 'ಸ್ಟಾರ್ಸ್ ಆಂಡ್ ಸ್ಟ್ರೈಪ್ಸ್' ಪತ್ರಿಕೆ ಇನ್ನೊಂದು ವಿಷಯ ವರದಿ ಮಾಡಿತು. ಸುಳಿಗೆ ಸಿಕ್ಕಿದ್ದ ಜನರನ್ನು ಕಾಪಾಡಲೆಂದು ಅವರು ನೀರಿಗಿಳಿದಿದ್ದರಂತೆ.

ಆಫೀಸಿನಲ್ಲಿ ಕೂತು ಅದನ್ನು ಓದಿದಾಗ ನನಗೆ ಕೋಟೆಯ ಅಂಚೇ ಕಣ್ಣಿಗೆ ಬಂತು. ಚಂದ್ರನಿಗೆ ಹೊಡೆಸಿದ ಆ ಮನುಷ್ಯ ನಿಯಮ ಗೊತ್ತಿಲ್ಲದೆ ಕತೆ ಬರೀತಾನೆ ಅಂತ ನಾವು ನಕ್ಕಿದ್ದೆವು. ಅಂಕದ ಲೆಕ್ಕ ಅವನು ಹೇಗೆ ಬೇಕಾದರೂ ಬದಲಿಸುತ್ತಿದ್ದ, ನಿಜ. ಇನ್ನೊಬ್ಬನನ್ನು ಬೀಳಿಸಿ ಗೆಲ್ಲಬಾರದು ಅನ್ನೋ ಒಂದು ನಿಯಮವನ್ನು ಮಾತ್ರ ಸಡಿಲ ಬಿಟ್ಟಿರಲಿಲ್ಲ. ಆ ಸೀಸನ್ನಿಗೆ ಇದ್ದದ್ದು ಆ ಒಂದೇ ನಿಯಮ. ಉಳಿದದ್ದೆಲ್ಲ ತಮಾಷೆ.

ಸಂಜೆ ಅವನಿಗೆ ಫೋನ್ ಮಾಡಿದೆ. ಈಗ ಊರ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ತಕಹಾಶಿ ಸುದ್ದಿ ಹೇಳಿದೆ. ಆಮೇಲೆ ಆ ದಿನದ ವಿಷಯ ಎತ್ತಿ, ತಪ್ಪಾಯ್ತು ಕಣೋ ಅಂದೆ. ಪರವಾಗಿಲ್ಲ ಬಿಡು ಅನ್ನುತ್ತಾನೆ ಅಂತ ನನ್ನ ಲೆಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದ.

'ಭಾಳ ಸಿಟ್ಟ್ ಬಂದಿತ್ತಲೇ' ಅಂದ. 'ನೌಕರಿ ಹೋತು ಅಂತಲ್ಲ. ಅಪ್ಪನ್ನ ತಗೊಂಡಿ ನೋಡು, ಅದಕ್ಕ.'

ನನಗೆ ಮಾತು ಹೊರಡಲಿಲ್ಲ. ಕೊನೆಗೆ ಅವನೇ ಕೇಳಿದ, 'ಆ 49 ಕಂತು ಅದಾವೇನು? ಮಗಾ ದೊಡ್ಡಾಂವ ಆಗ್ಯಾನ, ನೋಡ್ತಾನ. ಕಳಸು.'

ಕಳಿಸಲಿಲ್ಲ. ಬರೋ ಭಾನುವಾರ ನಾನೇ ತಗೊಂಡು ಹೋಗ್ತಿದ್ದೀನಿ.