ಬಂದದ್ದೇ ಗೊತ್ತಾಗಲಿಲ್ಲ

ಮಿನೆಸೋಟದ ಡುಲೂತ್ ಊರಿನ ಚಳಿಗೆ ಮೊದಲು ಕೈಕೊಡುವುದು ಮೂಗು. ಮೈನಸ್ ಇಪ್ಪತ್ತರಲ್ಲಿ ಹೂವಿಗೂ ವಾಸನೆಯಿಲ್ಲ, ಕಸಕ್ಕೂ ವಾಸನೆಯಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಕಸದ ಡಬ್ಬವನ್ನು ರಸ್ತೆಯಂಚಿಗೆ ಎಳೆಯುತ್ತಿದ್ದೆ. ಅಂಥ ಸತ್ತ ಮೂಗಿಗೂ ಏನೋ ಬಂದು ತಟ್ಟಿತು. ಪಕ್ಕದ ಮನೆಯ ತಾತ ಹಿಮದ ಮೇಲೆ ಓಡುವ ತನ್ನ ಹಳೇ ಗಾಡಿಯ, ಸ್ನೋಮೊಬೈಲಿನ, ಹಗ್ಗ ಎಳೆದು ಸ್ಟಾರ್ಟ್ ಮಾಡಿದ್ದ. ನೀಲಿ ಹೊಗೆ ಹಿಮದ ಮೇಲೆ ತೆವಳಿಕೊಂಡು ಬೇಲಿ ದಾಟಿ ಬಂತು. ಸುಟ್ಟ ಎಣ್ಣೆ, ಅರೆಬೆಂದ ಪೆಟ್ರೋಲು. ನಾನು ಕಸದ ಡಬ್ಬ ಹಿಡಿದುಕೊಂಡೇ ಮೈಸೂರಿನ ಒಂಟಿಕೊಪ್ಪಲಿಗೆ ಹೋಗಿ ಬಂದೆ.

ಅಪ್ಪನ ಹತ್ತಿರ ಒಂದು ಯೆಜ್ಡಿ ರೋಡ್‌ಕಿಂಗ್ ಇತ್ತು. ನಮ್ಮ ಮನೆಯಿಂದ ಯಾದವಗಿರಿಯ ಜಾವಾ ಫ್ಯಾಕ್ಟರಿಗೆ ನಡೆದು ಹೋಗುವಷ್ಟೇ ದೂರ. 1961ರಲ್ಲಿ ಜಯಚಾಮರಾಜ ಒಡೆಯರೇ ಬಂದು ಉದ್ಘಾಟಿಸಿದ ಕಾರ್ಖಾನೆ ಅದು. ಹಾಗಾಗಿ ನಮ್ಮ ಬೀದಿಯವರಿಗೆ ಆ ಗಾಡಿಯೆಂದರೆ ಹಿತ್ತಲಲ್ಲಿ ಬೆಳೆದ ಬಾಳೆಗೊನೆಯಷ್ಟೇ ಸ್ವಂತ. ಇನ್ನೂರೈವತ್ತು ಸಿ.ಸಿ., ಹದಿನಾರು ಅಶ್ವಶಕ್ತಿ, ಎರಡು ಸೈಲೆನ್ಸರು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಲಗಿಸಿದರೆ ಗೇರಿನ ಕಡ್ಡಿ. ಎರಡು ಕೆಲಸಕ್ಕೆ ಒಂದೇ ಆಳು ಎಂಬ ಆ ಲೆಕ್ಕ ಮೇಷ್ಟರಾಗಿದ್ದ ಅಪ್ಪನಿಗೆ ಬಹಳ ಹಿಡಿಸಿತ್ತು.

ಟು-ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಲೀಟರಿಗೆ ಇಷ್ಟು ಎಂದು ಅಳತೆಯಿದೆ. ಅಪ್ಪ ಬಂಕಿನಲ್ಲಿ ಆ ಅಳತೆ ಮುಗಿದ ಮೇಲೆ, "ಇನ್ನೊಂಚೂರು ಬಿಡಪ್ಪಾ, ಇಂಜಿನ್ ತಂಪಾಗಿರ್ಲಿ" ಅನ್ನುತ್ತಿದ್ದರು. ಅನ್ನಕ್ಕೆ ತುಪ್ಪ ಬಡಿಸಿದಂತೆ. ಆ ಇನ್ನೊಂಚೂರಿನ ಫಲವಾಗಿ ನಮ್ಮ ಗಾಡಿ ಬೀದಿಯಲ್ಲಿ ಹೋದರೆ ಲೋಬಾನ ಹಾಕಿದಂತಾಗುತ್ತಿತ್ತು. ಅಮ್ಮ ಒಗೆದು ಹರವಿದ ಸೀರೆಗಳೆಲ್ಲ ಅದನ್ನು ಕುಡಿದಿರುತ್ತಿದ್ದವು. ಆದರೆ ಅಮ್ಮನ ಗಡಿಯಾರವೂ ಅದೇ ಗಾಡಿ. ಸಂಜೆ ಬೀದಿಯ ತಿರುವಿನಲ್ಲಿ ಡುಗುಡುಗು ಕೇಳಿದೊಡನೆ, "ನಿಮ್ಮಪ್ಪ ತಿರುವಿಗೆ ಬಂದ್ರು, ಬಾಗಿಲು ತೆಗಿಯೋ" ಎಂದು ಹಾಲನ್ನು ಒಲೆಗೆ ಇಡುತ್ತಿದ್ದಳು. ಅಪ್ಪ ಸ್ಟ್ಯಾಂಡ್ ಹಾಕಿ, ಚಪ್ಪಲಿ ಬಿಟ್ಟು, ಕಾಲು ತೊಳೆದು ಬರುವಷ್ಟರಲ್ಲಿ ಲೋಟದಲ್ಲಿ ಕಾಫಿ ನೊರೆ ಕಟ್ಟಿರುತ್ತಿತ್ತು.

ಕಸದ ಡಬ್ಬ ಇಟ್ಟು ಒಳಗೆ ಬಂದವನು ಮಗಳಿಗೆ, "ಈ ಸಲ ಒಂದು ಸ್ನೋಮೊಬೈಲ್ ತಗೊಳ್ಳೋಣ್ವಾ?" ಎಂದೆ. ಹದಿನಾಲ್ಕರ ಹುಡುಗಿ. ನಾನು ಮಾತು ತಿರುಗಿಸುವ ಮೊದಲೇ ಅವರಮ್ಮನ ಒಪ್ಪಿಗೆ ತಂದಿಟ್ಟಳು. ಒಪ್ಪಿಗೆಗೆ ಷರತ್ತು ಒಂದೇ: "ಆ ಪಕ್ಕದ್ಮನೆ ತಾತನ ಥರ ಹೊಗೆ ಬರೋದು ಬೇಡ." ಅಂದರೆ ಫೋರ್-ಸ್ಟ್ರೋಕ್. ಒಂದು ತಲೆಮಾರಿನ ಸೀರೆಗಳ ಸೇಡನ್ನು ಇನ್ನೊಂದು ತಲೆಮಾರು ಹೀಗೆ ತೀರಿಸಿಕೊಂಡಿತು.

ಎರಡು ಸ್ಟ್ರೋಕಿಗೂ ನಾಲ್ಕು ಸ್ಟ್ರೋಕಿಗೂ ಇರುವ ವ್ಯತ್ಯಾಸವನ್ನು ಅವಳಿಗೆ ಊಟದ ಲೆಕ್ಕದಲ್ಲಿ ಹೇಳಿದೆ. ಫೋರ್-ಸ್ಟ್ರೋಕ್ ಪಂಕ್ತಿಯಲ್ಲಿ ಕೂತು ಉಣ್ಣುವ ಜಾತಿ. ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರಹಾಕುವುದು, ಎಲ್ಲಕ್ಕೂ ಬೇರೆ ಬೇರೆ ಸರದಿ. ಟು-ಸ್ಟ್ರೋಕ್ ಮದುವೆ ಮನೆಯಲ್ಲಿ ಬಸ್ಸಿಗೆ ಹೊತ್ತಾದವನ ಹಾಗೆ ನಿಂತೇ ತಿನ್ನುತ್ತದೆ. ಬಾಯಲ್ಲಿರುವುದನ್ನು ನುಂಗುವ ಮೊದಲೇ ಮುಂದಿನ ತುತ್ತು. ಅದರಲ್ಲಿ ಒಂದಿಷ್ಟು ಬೇಯದೆಯೇ ಆಚೆ ಬೀಳುತ್ತದೆ. ಆದರೆ ಅವಸರದ ಮನುಷ್ಯ ಹಗುರ, ಚುರುಕು. ಹಿಮದ ಮೇಲೆ ಓಡುವುದಕ್ಕೆ ಇನ್ನೇನು ಬೇಕು?

ಹಾಗಾದರೆ ಹಿಮದ ಗಾಡಿಗಳು ಮೊದಲಿನಿಂದ ಟು-ಸ್ಟ್ರೋಕೇ ಇರಬೇಕು, ನನ್ನ ಹೆಂಡತಿಯ ಷರತ್ತು ಹೊಸ ಕಾಲದ್ದು ಎಂದುಕೊಂಡಿದ್ದೆ. ಹುಡುಕುತ್ತಾ ಹೋದಾಗ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ಸಿಕ್ಕ. ಆಮೇಲೆ ಗಾಡಿ ಕೊಳ್ಳುವುದು ಎರಡು ವಾರ ಹಿಂದೆ ಬಿತ್ತು.

ಕ್ವಿಬೆಕ್ಕಿನ ವಾಲ್ಕೂರ್ ಎಂಬ ಹಳ್ಳಿಯವನು. 1922ರ ಕೊನೆಯ ದಿನ, ಹದಿನೈದರ ಹುಡುಗ, ಹಳೇ ಫೋರ್ಡ್ ಕಾರಿನ ಇಂಜಿನ್ನನ್ನು ಜಾರುಬಂಡಿಗೆ ಕೂರಿಸಿ, ಹಿಂದೆ ಮರದ ಪಂಖ ಕಟ್ಟಿ, ತಮ್ಮನ ಜೊತೆ ಊರೊಳಗೆ ಓಡಿಸಿಯೇಬಿಟ್ಟ. ಅವರಪ್ಪ ಮಾಡಿದ ಮೊದಲ ಕೆಲಸ ಅದನ್ನು ಬಿಚ್ಚಿಹಾಕಿಸಿದ್ದು. ಬಿಚ್ಚಿದರೂ ತಲೆಯೊಳಗಿನದು ಬಿಚ್ಚಲಿಲ್ಲ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಕೀವಾಯಿತು. ರಸ್ತೆಯೆಲ್ಲ ಹಿಮ. ಆಸ್ಪತ್ರೆ ಮುಟ್ಟಲು ಆಗಲಿಲ್ಲ, ಮಗು ಉಳಿಯಲಿಲ್ಲ. ಮುಂದಿನ ಮೂರು ವರ್ಷದೊಳಗೆ ರಬ್ಬರಿನ ಪಟ್ಟಿಯ ಮೇಲೆ ಓಡುವ ಏಳು ಜನರ ಹಿಮದ ಬಸ್ಸು ತಯಾರಾಯಿತು. ಇದನ್ನು ಓದಿದ ರಾತ್ರಿ ನಾನು ಮಗಳ ಕೋಣೆಯ ದೀಪ ಆರಿಸಲು ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಬಸ್ಸು ಚೆನ್ನಾಗಿಯೇ ಓಡುತ್ತಿತ್ತು. ಆದರೆ 1948ರಲ್ಲಿ ಸರ್ಕಾರ ರಸ್ತೆಯ ಹಿಮ ಬಳಿಯುವ ಕಾನೂನು ಮಾಡಿ ಅವನ ವ್ಯಾಪಾರಕ್ಕೆ ಕಲ್ಲು ಹಾಕಿತು. ರಸ್ತೆಯಿದ್ದವರಿಗೆ ಇನ್ನು ಈ ಗಾಡಿ ಬೇಡ, ಸರಿ. ರಸ್ತೆಯೇ ಇಲ್ಲದವರಿಗೆ? ಒಬ್ಬಿಬ್ಬರು ಕೂರುವ ಚಿಕ್ಕ ಗಾಡಿಯೊಂದನ್ನು ಮಾಡಿ 1959ರ ಏಪ್ರಿಲಿನಲ್ಲಿ ಉತ್ತರ ಒಂಟಾರಿಯೊದ ಲ್ಯಾನ್ಸ್‌ಡೌನ್ ಹೌಸ್ ಎಂಬ ಮೂಲೆಯಲ್ಲಿದ್ದ ಪಾದ್ರಿ ಸ್ನೇಹಿತನಿಗೆ ತಲುಪಿಸಿದ. ಅಲ್ಲಿ ನಾಯಿಗಳು ಎಳೆಯುವ ಬಂಡಿಯೇ ಗತಿ. ನಾಯಿಯ ಬದಲು ಬಂದ ಗಾಡಿಗೆ ಇಟ್ಟ ಹೆಸರು 'ಸ್ಕೀ-ಡಾಗ್'. ಅಚ್ಚಿನಲ್ಲಿ ಒಂದಕ್ಷರ ತಪ್ಪಿ ಅದು 'ಸ್ಕೀ-ಡೂ' ಆಯಿತು, ಅದೇ ನಿಂತಿತು ಎಂದು ಕತೆ.

ನಿಜವೋ ಸುಳ್ಳೋ, ನನಗಂತೂ ಈ ಕತೆ ಬಿಟ್ಟುಕೊಡಲು ಮನಸ್ಸಿಲ್ಲ. ಮುದ್ರಾರಾಕ್ಷಸನ ಉಪಕಾರ ಬೇರೆಲ್ಲಿ ಕಂಡಿದ್ದೀರಿ? ನಮ್ಮ ಕಡೆ ಆತ ಮದುವೆಯ ಕಾಗದದಲ್ಲಿ 'ಶುಭ'ವನ್ನು 'ಶವ' ಮಾಡಿ ನೆಂಟಸ್ತಿಕೆ ಕೆಡಿಸುತ್ತಾನೆ. ವಾಲ್ಕೂರಿನಲ್ಲಿ ಮಾತ್ರ ಬಾಲ ಕತ್ತರಿಸಿ ನಾಯಿಯನ್ನು ನಾಮಕರಣದಿಂದ ಹೊರಗೆ ಓಡಿಸಿದ.

ಆ ಮೊದಲ ಸ್ಕೀ-ಡೂ ಗಾಡಿಗೆ ಇದ್ದದ್ದು ಏಳು ಅಶ್ವಶಕ್ತಿಯ ಕೋಹ್ಲರ್ ಇಂಜಿನ್ನು. ನಮ್ಮವರು ಹೊಸ ಮನೆಯ ಬಚ್ಚಲಿಗೆ ನಲ್ಲಿ ಹಾಕಿಸಿ ನೆಂಟರಿಗೆ ತೋರಿಸುತ್ತಾರಲ್ಲ, ಅದೇ ಕೋಹ್ಲರ್. ಮತ್ತು ಅದು ಫೋರ್-ಸ್ಟ್ರೋಕ್! ನನ್ನ ಹೆಂಡತಿಯ ಷರತ್ತನ್ನು ಆತ 1959ರಲ್ಲೇ ಪಾಲಿಸಿದ್ದ. ನಮ್ಮದೇ ರಾಜ್ಯ ಮಿನೆಸೋಟದ ರೋಜೊ ಊರಿನಲ್ಲಿ ಮೂರು ವರ್ಷ ಮೊದಲು ಮೂಡಿದ ಪೋಲಾರಿಸ್ಸಿನ ಮೊದಲ ಗಾಡಿಯೂ ಅಷ್ಟೆ: ಷೆವ್ರೊಲೆ ಕಾರಿನ ಬಂಪರನ್ನು ಬಗ್ಗಿಸಿ ಮಾಡಿದ ಜಾರುಪಟ್ಟಿ, ಬ್ರಿಗ್ಸ್ ಅಂಡ್ ಸ್ಟ್ರಾಟನ್ನಿನ ಇಂಜಿನ್ನು. ಟು-ಸ್ಟ್ರೋಕ್ ಬಂದದ್ದು ಆಮೇಲೆ, ವೇಗದ ಚಪಲ ಹತ್ತಿದ ಮೇಲೆ. ಅಂದರೆ ಮಜ್ಜಿಗೆ ಕುಡಿಯುತ್ತಿದ್ದ ಮನೆಗೆ ನಡುವೆ ನಲವತ್ತು ವರ್ಷ ಸೋಡಾ ಬಂದಿತ್ತು, ಅಷ್ಟೆ.

ಸೋಡಾ ಏರಿದ್ದು ಯೆಲ್ಲೊಸ್ಟೋನ್ ಕಾಡಿನ ಬಾಗಿಲಲ್ಲಿ. ಚಳಿಗಾಲದ ಬೆಳಿಗ್ಗೆ ಪಶ್ಚಿಮದ ಗೇಟಿನಲ್ಲಿ ಈ ಗಾಡಿಗಳು ಸಾಲುಗಟ್ಟಿದಾಗ ಎಷ್ಟು ಹೊಗೆಯೆಂದರೆ, ಟಿಕೆಟ್ಟು ಕೊಡುವವರ ಗೂಡಿನೊಳಗೆ ಶುದ್ಧ ಗಾಳಿಯನ್ನು ಪಂಪಿನಿಂದ ಊದಬೇಕಾಯಿತು. ಗಾಳಿಗೆ ಹೆಸರಾದ ಕಾಡಿನ ನಡುವೆ ಗಾಳಿಯ ಪಂಪು. ಅದು ಕೋರ್ಟು, ಸರ್ಕಾರ ಎಲ್ಲ ಸುತ್ತಿ, ಕೊನೆಗೆ ಶುದ್ಧವಾದ, ಸದ್ದು ಕಡಿಮೆಯ ಗಾಡಿಗಷ್ಟೇ ಒಳಗೆ ದಾರಿ ಎಂದಾಯಿತು. ಅಂದರೆ ಹೆಚ್ಚುಕಮ್ಮಿ ಫೋರ್-ಸ್ಟ್ರೋಕಿಗೆ. ಅಷ್ಟು ಹೊತ್ತಿಗೆ ಯಮಹಾ ತನ್ನ ಆರ್‌ಎಕ್ಸ್-1 ತಂದಿತ್ತು, 2003ರ ಮಾದರಿ, ನಾಲ್ಕು ಸಿಲಿಂಡರಿನ ಫೋರ್-ಸ್ಟ್ರೋಕ್.

ಆರ್‌ಎಕ್ಸ್! ನನ್ನ ಕಾಲೇಜಿನ ದಿನಗಳ ಕನಸಿಗೂ ಅದೇ ಎರಡಕ್ಷರ. ಆರ್‌ಎಕ್ಸ್ 100, ಅಪ್ಪಟ ಟು-ಸ್ಟ್ರೋಕ್. "ಓದು ಮುಗಿಸು, ಆಮೇಲೆ ನೋಡೋಣ" ಎಂದಿದ್ದರು ಅಪ್ಪ. ಓದು ಮುಗಿದು ಕೆಲಸ ಸಿಗುವ ಹೊತ್ತಿಗೆ, 1996ರಲ್ಲಿ, ಆ ಗಾಡಿಯೂ ನಿಂತಿತು, ಅದೇ ವರ್ಷ ಯಾದವಗಿರಿಯ ಫ್ಯಾಕ್ಟರಿಯೂ ಮುಚ್ಚಿತು. ಹಳೇ ಬಾಕಿ ತೀರಿಸೋಣ, ಯಮಹಾ ಸ್ನೋಮೊಬೈಲೇ ಕೊಳ್ಳೋಣ ಎಂದು ಹೋದರೆ, 2025ರ ಮಾದರಿಯೊಂದಿಗೆ ಅವರು ಆ ವ್ಯಾಪಾರವನ್ನೇ ಮುಗಿಸಿದ್ದಾರೆ. ಎರಡನೇ ಸಲವೂ ನಾನು ತಲುಪುವಷ್ಟರಲ್ಲಿ ಅಂಗಡಿ ಬಾಗಿಲು ಹಾಕಿತ್ತು.

ಕೊನೆಗೆ ಸಲಹೆಗೆ ಪಕ್ಕದ ಮನೆಗೇ ಹೋದೆ. ತಾತನಿಗೆ ಫೋರ್-ಸ್ಟ್ರೋಕ್ ಎಂದರೆ ಮೂಗು ಮುರಿಯುವ ವಿಷಯ. "ಭಾರ ಜಾಸ್ತಿ. ಮೆತ್ತನೆ ಹಿಮದಲ್ಲಿ ಹೂತರೆ ಎತ್ತೋದಕ್ಕೆ ನನ್ನನ್ನೇ ಕರೀತೀಯ" ಎಂದ. ಆಮೇಲೆ ತನ್ನದರ ರಿವರ್ಸ್ ತೋರಿಸಿದ. ಗುಂಡಿ ಒತ್ತಿದರೆ ಇಂಜಿನ್ನು ಸಾಯುವ ಹಾಗೆ ಮಾಡಿ, ಇನ್ನೇನು ನಿಲ್ಲಬೇಕು ಅನ್ನುವಾಗ ಕಿಡಿ ಹಾರಿಸಿ, ಉಲ್ಟಾ ತಿರುಗತೊಡಗುತ್ತದೆ! ಟು-ಸ್ಟ್ರೋಕಿಗೆ ಹಿಂದು ಮುಂದು ಎರಡೂ ಒಂದೇ. ಕಿಕ್ಕರ್ ಮೊಣಕಾಲಿಗೆ ವಾಪಸ್ ಹೊಡೆಯುತ್ತದಲ್ಲ, ಅದೇ ದುರ್ಗುಣವನ್ನು ಯಾರೋ ಪುಣ್ಯಾತ್ಮ ಗುಣ ಮಾಡಿದ್ದಾನೆ. ಫೋರ್-ಸ್ಟ್ರೋಕಿಗೆ ಈ ಗಾರುಡಿ ಬರುವುದಿಲ್ಲ, ಬೇರೆ ಗೇರೇ ಬೇಕು. "ಆದ್ರೆ ನೀನು ಓಡ್ಸೋದು ಟ್ರೇಲ್ ಮೇಲೆ ತಾನೆ?" ಎಂದು ತಾತ ತಾನೇ ಇಳಿದು ಬಂದ. ಟ್ರೇಲಿನಲ್ಲಿ ರಾತ್ರಿ ಯಂತ್ರ ಬಂದು ಹಿಮವನ್ನು ಸಗಣಿ ಸಾರಿಸಿದ ಅಂಗಳದ ಹಾಗೆ ಒತ್ತಿ ಹೋಗಿರುತ್ತದೆ. ಅಲ್ಲಿ ಭಾರ ಒಂದು ದೋಷವಲ್ಲ. ಪಟ್ಟಿ 137 ಇಂಚಿನದಿರಲಿ, ಉಬ್ಬುತಗ್ಗು ಸೊಂಟಕ್ಕೆ ತಾಕುವುದಿಲ್ಲ. ಪಟ್ಟಿಯ ಹಲ್ಲು ಒಂದೂಕಾಲು ಇಂಚು ಸಾಕು. ಹಿಡಿಕೆ ಬೆಚ್ಚಗಾಗುತ್ತದೋ ನೋಡು. ಬೆಲ್ಟು ಇನ್ನೊಂದು ಇಟ್ಟುಕೋ. "ಮತ್ತೆ, ಮೊದಲನೇ ಗಾಡಿ. ನೂರೈವತ್ತು ಕುದುರೆ ಕಟ್ಟಬೇಡ."

ಅರುವತ್ತು ಕುದುರೆ ಕಟ್ಟಿದೆ. ಎರಡು ಸೀಟಿನ, ಬಳಸಿದ ಸ್ಕೀ-ಡೂ, 600 ಏಸ್ ಇಂಜಿನ್ನು. ಅಪ್ಪನ ಹದಿನಾರಕ್ಕೆ ಹೋಲಿಸಿದರೆ ಅದೇ ಒಂದು ಲಾಯ. ಆಯಿಲ್ ಬೆರೆಸುವುದಿಲ್ಲ, ವರ್ಷಕ್ಕೊಮ್ಮೆ ಬದಲಿಸುವುದು. ಆದರೂ ಮೊದಲ ದಿನ ಬಂಕಿನಲ್ಲಿ ಪೆಟ್ರೋಲು ತುಂಬಿ ಮುಚ್ಚಳ ಹಾಕುವ ಮುಂಚೆ ಕೈ ಒಂದು ಕ್ಷಣ ತಡೆಯಿತು. ಇನ್ನೊಂಚೂರು ಯಾವುದರದ್ದೋ ಬಾಕಿಯಿದೆ ಅನ್ನುವ ಹಾಗೆ.

1976 ಕಳೆದ ಮೇಲೆ ಹುಟ್ಟಿದವರು ಇಲ್ಲಿ ಸುರಕ್ಷತೆಯ ಪಾಠ ಓದಿ ಸರ್ಟಿಫಿಕೇಟ್ ಪಡೆಯಬೇಕು. ನಾನು 1974. ಕಾನೂನಿನ ಕಣ್ಣಿಗೆ ನಾನು ಹುಟ್ಟಾ ಪಂಡಿತ. ಸರ್ಟಿಫಿಕೇಟ್ ಇರುವವಳು ಹಿಂದೆ ಕೂತು ನನಗೆ ಪಾಠ ಹೇಳಿದಳು. "ಅಪ್ಪ, ಮಣಿಕಟ್ಟು ತಿರುಗಿಸಬೇಡ, ಹೆಬ್ಬೆರಳು ಒತ್ತು." ನಲವತ್ತು ವರ್ಷದಿಂದ ಆಕ್ಸಿಲರೇಟರ್ ಎಂದರೆ ಮಣಿಕಟ್ಟು ಎಂದು ನಂಬಿದ ಬಲಗೈ ಅದು, ಹೆಬ್ಬೆರಳಿನ ಮಾತು ಕೇಳಲು ಹತ್ತು ಮೈಲಿ ತೆಗೆದುಕೊಂಡಿತು. ಡುಲೂತಿನಿಂದ ಗ್ರ್ಯಾಂಡ್ ಮಾರೇವರೆಗೆ 146 ಮೈಲಿ ಹೋಗುವ ನಾರ್ತ್ ಶೋರ್ ಟ್ರೇಲಿನಲ್ಲಿ ನಾವು ಹೋದದ್ದು ಇಪ್ಪತ್ತೇ ಮೈಲಿ. ಎರಡೂ ಕಡೆ ಹಿಮ ಹೊತ್ತು ಬಾಗಿದ ಮರ. ತಾತ ಮುಂದೆ, ನಾವು ಹಿಂದೆ. ಎದುರು ಬರುವವರು ಕೈಯೆತ್ತಿ ಬೆರಳು ತೋರಿಸುತ್ತಾರೆ: ನನ್ನ ಹಿಂದೆ ಇಷ್ಟು ಜನ ಇದ್ದಾರೆ. ಸಾಲಿನ ಕೊನೆಯವನು ಮುಷ್ಟಿ ಎತ್ತುತ್ತಾನೆ: ನನ್ನ ಹಿಂದೆ ಯಾರೂ ಇಲ್ಲ. ತಾತ ಒಂದು ಬೆರಳು ಎತ್ತಿದ. ನಾನು ಎತ್ತುವ ಮೊದಲೇ ಹಿಂದಿನ ಸೀಟಿನಿಂದ ಪುಟ್ಟ ಮುಷ್ಟಿಯೊಂದು ನನ್ನ ಕಿವಿಯ ಪಕ್ಕದಲ್ಲಿ ಎದ್ದಿತ್ತು.

ಕತ್ತಲಾಗುವಾಗ ಮನೆ ತಲುಪಿದೆವು. ತಾತ ಎರಡು ಬೀದಿ ಆಚೆಯಿಂದಲೇ ಊರಿಗೆಲ್ಲ ಸುದ್ದಿ ಕೊಡುತ್ತಾ ಬಂದ. ಅವನ ಮನೆಯ ಹೊಸಿಲ ದೀಪ ಹತ್ತಿತು, ಬಾಗಿಲು ತೆರೆಯಿತು. ನಾವು ನಮ್ಮ ಅರುವತ್ತು ಕುದುರೆಗಳನ್ನು ಬೆಕ್ಕಿನ ಹೆಜ್ಜೆಯಲ್ಲಿ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದೆವು. ಬೂಟು ಬಿಚ್ಚಿ, ಹೆಲ್ಮೆಟ್ಟು ತೆಗೆದು, ಕೋಟು ನೇತುಹಾಕಿ ಅಡಿಗೆಮನೆಗೆ ಬಂದರೆ ಹೆಂಡತಿ ಬೆನ್ನು ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ತಿರುಗಿ ನೋಡಿ ಬೆಚ್ಚಿದಳು.

"ಅಯ್ಯೋ, ಬಂದದ್ದೇ ಗೊತ್ತಾಗಲಿಲ್ಲ!"

ಕೋಟು ಮೂಸಿದಳು, ಹೊಗೆಯಿಲ್ಲ. ಸಮಾಧಾನವಾಯಿತು. ಒಲೆಯ ಮೇಲೆ ಹಾಲಿರಲಿಲ್ಲ. ನಾನೇ ಪಾತ್ರೆ ಇಟ್ಟೆ.